ಪೈಪ್ ಗ್ಯಾಸ್‌ಗೆ ಬದಲಾದ ಮೇಲೆ ಓವನ್ ಉರಿ ಯಾಕೆ ಆರುತ್ತಿದೆ?

ಪ್ರಶ್ನೆ: ನಮ್ಮದು ನಾಲ್ಕು ಬರ್ನರ್‌ನ ಕುಕಿಂಗ್ ರೇಂಜ್. ಕೆಳಗೆ ಗ್ಯಾಸ್ ಓವನ್ ಇದೆ. ತಗೊಂಡು 11 ವರ್ಷ ಆಯ್ತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಹೋದ ವರ್ಷ ಬೆಂಗಳೂರಿನಲ್ಲೇ ಬೇರೆ ಅಪಾರ್ಟ್‌ಮೆಂಟ್‌ಗೆ ಬಂದೆವು. ಇಲ್ಲಿ ಸಿಲಿಂಡರ್ ಇಲ್ಲ, ಪೈಪ್ ಗ್ಯಾಸ್. ಒಬ್ಬ ಮೆಕ್ಯಾನಿಕ್ ಬಂದು ಅರ್ಧ ಗಂಟೆಯಲ್ಲಿ ‘ಕನ್ವರ್ಟ್’ ಮಾಡಿ ಹೋದ. ಆಮೇಲಿಂದ ಶುರುವಾಯ್ತು ನೋಡಿ. ಓವನ್ ಹಚ್ಚಿ ನಾಬ್ ಬಿಟ್ಟ ತಕ್ಷಣ ಉರಿ ಆರುತ್ತೆ. ಒಂದು ನಿಮಿಷ ಒತ್ತಿ ಹಿಡಿದರೆ ಕೆಲವು ಸಲ ನಿಲ್ಲುತ್ತೆ, ಮಧ್ಯದಲ್ಲಿ ಮತ್ತೆ ಆರುತ್ತೆ. ಮುಂಚೆ 40 ನಿಮಿಷಕ್ಕೆ ಆಗುತ್ತಿದ್ದ ಕೇಕ್ ಈಗ ಒಂದೂಕಾಲು ಗಂಟೆಯಾದರೂ ನಡುವೆ ಹಸಿ. ಮೇಲಿನ ಬರ್ನರ್‌ಗಳಲ್ಲಿ ಸಿಮ್ ಮಾಡಿದರೆ ಆರಿಹೋಗುತ್ತೆ. ಹಿಂದಿನ ಎಡಗಡೆ ಬರ್ನರ್ ಮಾತ್ರ ಹಳದಿ ಉರಿ, ಕುಕ್ಕರ್ ತಳವೆಲ್ಲ ಮಸಿ. ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದರೆ ‘ಪೈಪ್ ಗ್ಯಾಸ್‌ಗೆ ಪ್ರೆಶರ್ ಕಮ್ಮಿ ಮೇಡಂ, ಓವನ್ ಸೇಫ್ಟಿ ತೆಗೆದುಬಿಡ್ತೀನಿ, ಆಗ ಆರಲ್ಲ’ ಅಂತಾನೆ. ಪಕ್ಕದ ಮನೆಯವರು ಜೆಟ್‌ಗೆ ಸೂಜಿ ಹಾಕಿ ಅಂತಾರೆ. ನಮ್ಮತ್ತೆ ಪೈಪ್ ಗ್ಯಾಸ್‌ಗೆ ಕಾವೇ ಇಲ್ಲ, ಸಿಲಿಂಡರೇ ವಾಸಿ ಅಂತಾರೆ. ಓವನ್ ಚೊಕ್ಕವಾಗಿರಲಿ ಅಂತ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ್ದೇನೆ, ಬೇರೇನೂ ಮಾಡಿಲ್ಲ. ರಿಪೇರಿ ಮಾಡಿಸಲೋ, ಹೊಸದು ತಗೊಳ್ಳಲೋ?

ಉತ್ತರ: ಮೇಡಂ, ಮೊದಲು ಆ ಫಾಯಿಲ್ ತೆಗೆದುಬಿಡಿ. ಉಳಿದದ್ದು ಆಮೇಲೆ ಮಾತಾಡೋಣ.

ಓವನ್ ತಳದ ತಗಡಿನ ಅಂಚಿನಲ್ಲಿ ಸೀಳುಗಳಿರುತ್ತವೆ, ನೋಡಿ. ಬರ್ನರ್ ಇರೋದು ಆ ತಗಡಿನ ಕೆಳಗೆ. ಬಿಸಿ ಗಾಳಿ ಮೇಲೆ ಬರಬೇಕಾದದ್ದು ಆ ಸೀಳುಗಳ ಮೂಲಕವೇ. ಫಾಯಿಲ್ ಹಾಸಿದರೆ ಅವು ಮುಚ್ಚಿಹೋಗುತ್ತವೆ. ಬಿಸಿ ಮೇಲೆ ಬರುವುದಿಲ್ಲ, ಕೆಳಗಿನ ಉರಿಗೆ ಹೊಸ ಗಾಳಿಯೂ ಸಿಗುವುದಿಲ್ಲ. ಉರಿ ಸೊರಗಿ ಆರುವುದಕ್ಕೆ ಅದೊಂದೇ ಸಾಕು. ಚೆಲ್ಲುವ ಭಯ ಇದ್ದರೆ ಕೇಕ್ ಇಡುವ ಜಾಲರಿಯ ಕೆಳಗಿನ ಹಂತದಲ್ಲಿ ಒಂದು ಸಣ್ಣ ಟ್ರೇ ಇಡಿ, ಸುತ್ತ ಜಾಗ ಬಿಟ್ಟು.

ಆದರೆ ನಿಮ್ಮ ತೊಂದರೆ ಫಾಯಿಲ್ ತೆಗೆದ ಮಾತ್ರಕ್ಕೆ ಪೂರ್ತಿ ಹೋಗಲಿಕ್ಕಿಲ್ಲ. ಓವನ್ ಆರುವುದು, ಕೇಕ್ ತಡವಾಗುವುದು, ಸಿಮ್ ನಿಲ್ಲದಿರುವುದು, ಒಂದು ಬರ್ನರ್ ಹಳದಿಯಾಗುವುದು, ನಾಲ್ಕು ಬೇರೆ ಬೇರೆ ಕಾಯಿಲೆ ಹಾಗೆ ಕಾಣುತ್ತವೆ. ಎಲ್ಲವೂ ಒಂದೇ ದಿನ ಶುರುವಾದದ್ದು ನನ್ನ ಕಣ್ಣಿಗೆ ಬಿತ್ತು. 11 ವರ್ಷ ಸುಮ್ಮನಿದ್ದ ರೇಂಜ್ ಮನೆ ಬದಲಿಸಿದ ವಾರವೇ ಹಾಳಾಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಕನ್ವರ್ಷನ್ ಅರ್ಧಂಬರ್ಧ ಆಗಿದೆ. ಮೇಲಿನ ಬರ್ನರ್‌ಗಳನ್ನು ಹೇಗೋ ಮುಗಿಸಿದ್ದಾರೆ, ಓವನ್ ಮುಟ್ಟಿಯೇ ಇಲ್ಲ ಅನ್ನಿಸುತ್ತದೆ. ಈ ಕೆಲಸದಲ್ಲಿ ನಾನು ತುಂಬಾ ಮನೆಗಳಲ್ಲಿ ನೋಡುವುದು ಇದನ್ನೇ. ಜೆಟ್ ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ, ನಡುವೆ ತೂತಿರುವ ಸಣ್ಣ ತಿರುಪು. ಓವನ್ ಜೆಟ್ ಇರುವುದು ಒಳಗಡೆ, ತಳದ ತಗಡು ಬಿಚ್ಚಿ ಬರ್ನರ್ ಎಳೆಯಬೇಕು. ಯಾರಿಗೆ ಬೇಕು ಆ ಕಷ್ಟ, ಅಲ್ವಾ?

ಪೈಪ್ ಗ್ಯಾಸ್‌ಗೆ ಕಾವು ಕಮ್ಮಿ ಅನ್ನುವ ನಿಮ್ಮತ್ತೆಯವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸಿಲಿಂಡರ್‌ನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಪೈಪಿನಲ್ಲಿ ಬರುವುದು ಹೆಚ್ಚುಕಮ್ಮಿ ಮೀಥೇನ್. ಒಂದೇ ಅಳತೆಯ ಗ್ಯಾಸ್ ಉರಿಸಿದರೆ ಸಿಲಿಂಡರ್ ಗ್ಯಾಸ್ ಕೊಡುವ ಕಾವು ಎರಡೂವರೆ ಪಟ್ಟು ಜಾಸ್ತಿ. ಒತ್ತಡದಲ್ಲೂ ವ್ಯತ್ಯಾಸ ಇದೆ: ಸಿಲಿಂಡರ್ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್, ಮನೆಯೊಳಗಿನ ಪೈಪ್ ಗ್ಯಾಸ್ ಸುಮಾರು 21. ಹಾಗಂತ ಅದು ದೋಷ ಅಲ್ಲ. ನ್ಯಾಚುರಲ್ ಗ್ಯಾಸ್ ಒಲೆಗಳನ್ನು ಆ ಒತ್ತಡಕ್ಕೇ ಮಾಡಿರುತ್ತಾರೆ. ಜಾಸ್ತಿ ಗ್ಯಾಸ್ ಹೋಗಲಿ ಅಂತ ಜೆಟ್ಟಿನ ತೂತು ದೊಡ್ಡದಿರುತ್ತದೆ, ಅಷ್ಟೇ. ಸರಿಯಾದ ಜೆಟ್ ಇದ್ದರೆ ಅನ್ನ ಬೇಯುವ ಹೊತ್ತಿನಲ್ಲಿ ನಿಮಗೆ ವ್ಯತ್ಯಾಸವೇ ಗೊತ್ತಾಗಬಾರದು. ಲೆಕ್ಕಕ್ಕೆ ಬೇಕಾದರೆ, 14.2 ಕೆಜಿ ಸಿಲಿಂಡರ್‌ನಲ್ಲಿರುವ ಕಾವು ಮೀಟರಿನ 17–18 ಯೂನಿಟ್ ಪೈಪ್ ಗ್ಯಾಸ್‌ಗೆ ಸಮ. ಬಿಲ್ ಬಂದಾಗ ಹೋಲಿಸಿ ನೋಡಿ, ಅತ್ತೆಯವರಿಗೂ ತೋರಿಸಿ.

ಸಿಲಿಂಡರ್ ಜೆಟ್ ಇಟ್ಟುಕೊಂಡೇ ಪೈಪ್ ಗ್ಯಾಸ್ ಬಿಟ್ಟರೆ ಬರ್ನರ್‌ಗೆ ಸಿಗುವ ಕಾವು ಸುಮಾರು ಅರ್ಧ. ನಿಮ್ಮ ಕೇಕ್ ತಡವಾಗುವುದು ಅದಕ್ಕೇ. ಉರಿಯ ಆಕಾರವೂ ಕೆಡುತ್ತದೆ. ಕುಳ್ಳಗಾಗಿ, ಬರ್ನರಿನ ತೂತು ಬಿಟ್ಟು ಸ್ವಲ್ಪ ಮೇಲೆ ಎಗರಿ ನಿಂತು, ಬುಸುಬುಸು ಸದ್ದು ಮಾಡುತ್ತಾ ಉರಿಯುತ್ತದೆ. ಉರಿ ಹೀಗೆ ಸೊರಗಿದರೆ ಓವನ್ ಯಾಕೆ ಆರುತ್ತದೆ ಅನ್ನುವುದು ತಿಳಿಯಬೇಕಾದರೆ ಆ ‘ಸೇಫ್ಟಿ’ ಏನು ಅಂತ ನೋಡಬೇಕು.

ಓವನ್ ಬರ್ನರ್ ಪಕ್ಕದಲ್ಲಿ ಪೆನ್ಸಿಲ್‌ಗಿಂತ ಸಪೂರದ ಒಂದು ಲೋಹದ ಕಡ್ಡಿ ತಲೆ ಎತ್ತಿ ನಿಂತಿರುತ್ತದೆ. ಅದರ ಹಿಂದೆ ಸಣ್ಣ ತಾಮ್ರದ ಕೊಳವೆಯಂಥ ತಂತಿ ನಾಬ್ ಕಡೆ ಹೋಗಿರುತ್ತದೆ. ಅದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹಗಳನ್ನು ಸೇರಿಸಿ ಮಾಡಿದ ಆ ತುದಿ ಉರಿಯಲ್ಲಿ ಕಾದಾಗ ತಾನೇ ಒಂಚೂರು ಕರೆಂಟ್ ಹುಟ್ಟಿಸುತ್ತದೆ. ಬರೀ 20–30 ಮಿಲಿವೋಲ್ಟ್. ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ, ಬ್ಯಾಟರಿಯೂ ಬೇಡ. ನಾಬ್ ಹಿಂದೆ ಒಂದು ಪುಟ್ಟ ಮ್ಯಾಗ್ನೆಟ್ ಇದೆ, ಗ್ಯಾಸ್ ಬಾಗಿಲನ್ನು ತೆರೆದೇ ಹಿಡಿದಿರುವುದಕ್ಕೆ ಅದಕ್ಕೆ ಇಷ್ಟು ಸಾಕು. ನೀವು ನಾಬ್ ಒತ್ತಿ ಹಿಡಿದಾಗ ಆ ಬಾಗಿಲನ್ನು ಕೈಯಿಂದ ತೆರೆದಿಡುತ್ತೀರಿ. ತುದಿ ಕಾದ ಮೇಲೆ ಮ್ಯಾಗ್ನೆಟ್ ಆ ಕೆಲಸ ವಹಿಸಿಕೊಳ್ಳುತ್ತದೆ. ಮಾಮೂಲಿಗೆ 10ರಿಂದ 20 ಸೆಕೆಂಡ್ ಸಾಕು. ಉರಿ ಆರಿದರೆ ತುದಿ ತಣ್ಣಗಾಗಿ, ಮ್ಯಾಗ್ನೆಟ್ ಕೈಬಿಟ್ಟು, ಗ್ಯಾಸ್ ನಿಲ್ಲುತ್ತದೆ.

ಈಗ ನಿಮ್ಮ ಕುಳ್ಳ ಉರಿ ಆ ತುದಿಗೆ ಸರಿಯಾಗಿ ತಾಕುತ್ತಲೇ ಇಲ್ಲ. ತುದಿ ಕಾಯುವುದಿಲ್ಲ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಥರ್ಮೋಕಪಲ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ಇದನ್ನು ನೀವೇ ಖಚಿತ ಮಾಡಿಕೊಳ್ಳಬಹುದು. ಫಾಯಿಲ್ ತೆಗೆದು, ಓವನ್ ಖಾಲಿ ಮಾಡಿ, ಬಾಗಿಲು ತೆರೆದಿಟ್ಟೇ ಹಚ್ಚಿ. ಹಚ್ಚುವಾಗ ಮುಖ ಬಾಗಿಲಿಗೆ ಹಿಡಿಯಬೇಡಿ. ಹತ್ತಿದ ಮೇಲೆ ನಾಬ್ ಒತ್ತಿ ಹಿಡಿದು, ಟಾರ್ಚ್ ಬೆಳಕು ಬಿಟ್ಟು, ತಳದ ತಗಡಿನ ಮುಂದಿನ ಕಿಂಡಿಯಿಂದ ನೋಡಿ. ತುದಿಯನ್ನು ಉರಿ ಸುತ್ತಿಕೊಂಡಿದೆಯಾ? ಸುತ್ತಿಕೊಂಡಿದ್ದೂ ಅರ್ಧ ನಿಮಿಷ ಹಿಡಿದು ಬಿಟ್ಟಾಗ ಆರಿದರೆ ಥರ್ಮೋಕಪಲ್ ಸವೆದಿದೆ, ಅಥವಾ ತುದಿಗೆ ಜಿಡ್ಡು ಹಿಡಿದಿದೆ, ಅಥವಾ ಹಿಂದಿನ ನಟ್ ಸಡಿಲ ಆಗಿದೆ. ತಾಕದೇ ಪಕ್ಕಕ್ಕೆ ಹಾಯುತ್ತಿದ್ದರೆ ಜೆಟ್ಟೇ ಕಾರಣ. 11 ವರ್ಷದ ಥರ್ಮೋಕಪಲ್ ಸವೆದೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಜೆಟ್ ಬದಲಿಸದೆ ಬರೀ ಥರ್ಮೋಕಪಲ್ ಬದಲಿಸಿದರೆ ದುಡ್ಡು ದಂಡ.

ಆರಿಹೋದಾಗ ಮತ್ತೆ ಹಚ್ಚುವ ಮುಂಚೆ ನಾಬ್ ಮುಚ್ಚಿ, ಬಾಗಿಲು ತೆರೆದು ಐದು ನಿಮಿಷ ಬಿಡಿ. ತಕ್ಷಣ ತಕ್ಷಣ ಲೈಟರ್ ಒತ್ತುತ್ತಾ ಕೂರಬೇಡಿ.

ಈಗ ‘ಸೇಫ್ಟಿ ತೆಗೆದುಬಿಡ್ತೀನಿ’ ಅನ್ನುವ ಮಾತು. ಬೇಡ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಮೇಲಿನ ಬರ್ನರ್ ಆರಿದರೆ ನಿಮ್ಮ ಕಣ್ಣೆದುರಿಗೇ ಆರುತ್ತದೆ, ವಾಸನೆಯೂ ಬೇಗ ಬರುತ್ತದೆ. ಓವನ್ ಮುಚ್ಚಿದ ಪೆಟ್ಟಿಗೆ. ಒಳಗೆ ಉರಿ ಆರಿದ್ದು ನಿಮಗೆ ಕಾಣುವುದಿಲ್ಲ, ನೀವು ಆಚೆ ರೂಮಿನಲ್ಲಿ ಟಿವಿ ಮುಂದೆ ಇರುತ್ತೀರಿ. ಸೇಫ್ಟಿ ಇಲ್ಲದಿದ್ದರೆ ಗ್ಯಾಸ್ ಬರುತ್ತಲೇ ಇರುತ್ತದೆ, ಪೆಟ್ಟಿಗೆ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು ಬಂದು, ‘ಅಯ್ಯೋ ಆರಿದೆ’ ಅಂತ ಲೈಟರ್ ಒತ್ತಿದರೆ ಗಾಜಿನ ಬಾಗಿಲು ಸಿಡಿದು ಮುಖಕ್ಕೆ ಬರುತ್ತದೆ. ನಿಮ್ಮದು ಈಗ ಪದೇ ಪದೇ ಆರುವ ಓವನ್. ಸೇಫ್ಟಿ ಬೇರೆಲ್ಲರಿಗಿಂತ ನಿಮಗೇ ಹೆಚ್ಚು ಬೇಕು.

ಅದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಉರಿ ನಿಂತು ಸ್ವಲ್ಪ ಹೊತ್ತು ಉರಿದ ಮೇಲೆ, ನಾಬ್ ಮಾಮೂಲಿನಂತೆ ಆಫ್ ಮಾಡಿ, ಚಿಮಣಿ ಫ್ಯಾನ್ ನಿಲ್ಲಿಸಿ, ಕಿವಿಗೊಟ್ಟು ಕೇಳಿ. ಸುಮಾರು ಒಂದು ನಿಮಿಷದೊಳಗೆ ನಾಬ್ ಹಿಂದಿನಿಂದ ‘ಟಕ್’ ಅಂತ ಮೆಲ್ಲಗೆ ಒಂದು ಸದ್ದು ಬರುತ್ತದೆ. ಮ್ಯಾಗ್ನೆಟ್ ಬಾಗಿಲು ಬಿಟ್ಟ ಸದ್ದು ಅದು. ನಾನು ಯಾವ ಓವನ್ ರಿಪೇರಿ ಮಾಡಿದರೂ ಆ ಸದ್ದು ಕೇಳಿಯೇ ಮನೆಯಿಂದ ಹೊರಡುವುದು.

ಮೇಲಿನ ಬರ್ನರ್‌ಗಳಿಗೆ ಬರೋಣ. ಸಿಮ್ ಆರುವುದಕ್ಕೆ ಕಾರಣ ಚಿಕ್ಕದು. ನಾಬ್ ಕಿತ್ತರೆ ಅದರ ಕಡ್ಡಿಯ ಒಳಗೋ ಪಕ್ಕದಲ್ಲೋ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಬೈಪಾಸ್ ಸ್ಕ್ರೂ ಅಂತಾರೆ. ಸಿಮ್‌ನಲ್ಲಿ ಎಷ್ಟು ಗ್ಯಾಸ್ ಹೋಗಬೇಕು ಅಂತ ನಿರ್ಧರಿಸುವುದು ಅದೇ. ಸಿಲಿಂಡರ್‌ಗೆ ಅದನ್ನು ಬಿಗಿಯಾಗಿ ಒಳಗೆ ತಿರುಗಿಸಿರುತ್ತಾರೆ. ಪೈಪ್ ಗ್ಯಾಸ್‌ಗೆ ಬದಲಿಸಿದಾಗ ಸ್ವಲ್ಪ ಸಡಿಲಿಸಬೇಕು. ನಿಮ್ಮ ಮೆಕ್ಯಾನಿಕ್ ಅದನ್ನು ಮುಟ್ಟಿಲ್ಲ. ಸರಿಯಾಗಿ ಕೂರಿಸಿದ ಮೇಲೆ ಫುಲ್‌ನಿಂದ ಸಿಮ್‌ಗೆ ಸರ್ರನೆ ತಿರುಗಿಸಿದರೂ, ಕೆಳಗಿನ ಕಪಾಟಿನ ಬಾಗಿಲು ದಬ್ ಅಂತ ಹಾಕಿದರೂ ಉರಿ ಆರಬಾರದು.

ಹಳದಿ ಉರಿಯದ್ದು ಸ್ವಲ್ಪ ಸ್ವಾರಸ್ಯದ ವಿಷಯ. ನಿಮ್ಮ ರೇಂಜ್‌ನಲ್ಲಿ ಆ ಬರ್ನರ್‌ನಷ್ಟೇ ಗಾತ್ರದ ಇನ್ನೊಂದು ಬರ್ನರ್ ಇರುತ್ತದೆ. ಎರಡೂ ತಣ್ಣಗಾದ ಮೇಲೆ ತಲೆಗಳನ್ನು ಅದಲು ಬದಲು ಮಾಡಿ ಹಚ್ಚಿ ನೋಡಿ. ಹಳದಿ ಉರಿ ತಲೆಯ ಜೊತೆ ಜಾಗ ಬದಲಿಸಿದರೆ ಬರ್ನರ್ ತಲೆಯೇ ಕೊಳೆ: ಉಕ್ಕಿದ ಹಾಲು, ಸಾರು ತೂತುಗಳಲ್ಲಿ ಕಟ್ಟಿರುತ್ತದೆ. ಬಿಸಿನೀರು, ಪಾತ್ರೆ ಸೋಪು, ಹಳೆ ಟೂತ್ ಬ್ರಷ್ ಸಾಕು. ಚೆನ್ನಾಗಿ ಒಣಗಿಸಿ, ಖಾಚಿಗೆ ಸರಿಯಾಗಿ ಕೂರಿಸಿ. ಹಳದಿ ಅಲ್ಲೇ ಉಳಿದರೆ ತಪ್ಪು ಕೆಳಗಿದೆ. ಜೆಟ್ಟಿನದು, ಇಲ್ಲವೇ ಗಾಳಿ ಬೆರೆಯುವ ಕೊಳವೆಯದು. ಆ ಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಜಿರಳೆ ಮೊಟ್ಟೆ ಇಡುತ್ತದೆ, ಕೇಳಲು ಹೇಸಿಗೆ ಅನ್ನಿಸಿದರೂ ನಿಜ. ಗುಡಿಸುವಾಗ ಉರಿಯಲ್ಲಿ ಕಿತ್ತಳೆ ಬಣ್ಣದ ಕಿಡಿ ಹಾರಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಅದು ಧೂಳು.

ನಿಮ್ಮ ಕೇಸಿನಲ್ಲಿ ನನ್ನ ಅನುಮಾನ ಜೆಟ್ ಮೇಲೆ. ಅರ್ಧ ಗಂಟೆಯಲ್ಲಿ ಕನ್ವರ್ಟ್ ಮಾಡುವವರು ಹೊಸ ಜೆಟ್ ಹಾಕುವುದು ಅಪರೂಪ. ಇರುವ ಜೆಟ್ಟಿಗೇ ಕೈ ಡ್ರಿಲ್ ಹಾಕಿ ತೂತು ಅಗಲ ಮಾಡುತ್ತಾರೆ. ಜೆಟ್ ಹಿತ್ತಾಳೆಯದು, ಅದರ ತೂತು ಕೂದಲೆಳೆಯಂಥದ್ದು. ಎಷ್ಟೋ ಜೆಟ್‌ಗಳ ಮೇಲೆ ಒಂದು ನಂಬರ್ ಒತ್ತಿರುತ್ತದೆ. ಅದು ತೂತಿನ ಅಗಲ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ಯುರೋಪಿಯನ್ ಮಾದರಿಯ ಮಧ್ಯಮ ಬರ್ನರ್‌ಗೆ ಸಿಲಿಂಡರ್ ಗ್ಯಾಸ್‌ನಲ್ಲಿ 65ರ ಆಸುಪಾಸು, ನ್ಯಾಚುರಲ್ ಗ್ಯಾಸ್‌ನಲ್ಲಿ 97ರ ಆಸುಪಾಸು ಇರುತ್ತದೆ. ಕೈ ಸ್ವಲ್ಪ ನಡುಗಿ ತೂತು ನೂರಕ್ಕೆ 10ರಷ್ಟು ಅಗಲ ಆದರೆ ಹೋಗುವ ಗ್ಯಾಸ್ ನೂರಕ್ಕೆ 21ರಷ್ಟು ಜಾಸ್ತಿ. ತೂತು ಓರೆ ಆದರೆ ಗ್ಯಾಸ್ ಕೊಳವೆಯ ನಡುವೆ ಹೋಗದೆ ಗೋಡೆಗೆ ಬಡಿಯುತ್ತದೆ, ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಗಾಳಿ ಸಾಲದ ಉರಿ ಹಳದಿ ಆಗುತ್ತದೆ, ಮಸಿ ಕಕ್ಕುತ್ತದೆ.

ಪಕ್ಕದ ಮನೆಯವರ ಸೂಜಿ ಉಪಾಯ ಬೇಡ ಅನ್ನುವುದೂ ಇದಕ್ಕೇ. ಬರ್ನರ್ ತಲೆಯ ತೂತುಗಳಿಗೆ ಪಿನ್ ಹಾಕಿ, ತೊಂದರೆಯಿಲ್ಲ. ಜೆಟ್ಟಿಗೆ ಸೂಜಿ ಹಾಕಿದರೆ ಹಿತ್ತಾಳೆ ಮೆತ್ತಗಿರುವುದರಿಂದ ತೂತು ಸವೆದು ದೊಡ್ಡದಾಗುತ್ತದೆ. ನಿಮ್ಮದು ಈಗಾಗಲೇ ದೊಡ್ಡದಾಗಿದೆ!

ಮಸಿಯನ್ನು ಬರೀ ಪಾತ್ರೆ ತಿಕ್ಕುವ ಕಷ್ಟ ಅಂದುಕೊಳ್ಳಬೇಡಿ. ಅರೆಬರೆ ಉರಿದ ಗ್ಯಾಸ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಪಾರ್ಟ್‌ಮೆಂಟ್ ಅಡುಗೆಮನೆಗಳು ಚಿಕ್ಕವು, ಯುಟಿಲಿಟಿಗೂ ಗಾಜು ಹಾಕಿಸಿ ಮುಚ್ಚಿರುತ್ತಾರೆ. ಸರಿ ಮಾಡಿಸುವ ತನಕ ಆ ಬರ್ನರ್ ಬಳಸಲೇಬೇಡಿ. ಉಳಿದವನ್ನು ಬಳಸುವಾಗ ಕಿಟಕಿ ತೆರೆದಿರಲಿ.

ಹಾಗಾದರೆ ಏನು ಮಾಡಬೇಕು? ನಾನಾದರೆ ಸರಿಯಾದ ಕನ್ವರ್ಷನ್ ಮಾಡಿಸುತ್ತೇನೆ. ರೇಂಜ್ ಕಂಪನಿಯ ಸರ್ವಿಸ್‌ನವರಿಗೆ ಮಾಡೆಲ್ ನಂಬರ್ ಹೇಳಿ, ನಾಲ್ಕು ಬರ್ನರ್‌ಗೂ ಓವನ್‌ಗೂ ನ್ಯಾಚುರಲ್ ಗ್ಯಾಸ್ ಜೆಟ್ ಸೆಟ್ ಸಿಗುತ್ತದಾ ಕೇಳಿ. ನಂಬರ್ ಓವನ್ ಬಾಗಿಲಿನ ಚೌಕಟ್ಟಿನಲ್ಲೋ ಹಿಂಬದಿಯಲ್ಲೋ ಇರುತ್ತದೆ. ಗ್ರಿಲ್ ಇದ್ದರೆ ಅದಕ್ಕೂ ಕೇಳಿ. ಕೂರಿಸುವ ಕೆಲಸ ಅವರ ಕೈಯಲ್ಲೋ ಪೈಪ್ ಗ್ಯಾಸ್ ಕಂಪನಿ ಒಪ್ಪಿದ ಟೆಕ್ನಿಷಿಯನ್ ಕೈಯಲ್ಲೋ ಆಗಲಿ. ಜೊತೆಗೆ ಥರ್ಮೋಕಪಲ್ ಕೂಡ ಬದಲಿಸಿಬಿಡಿ. ಕೆಲವು ನೂರು ರೂಪಾಯಿಯ ಸಾಮಾನು, ಹೇಗೂ ಬಿಚ್ಚಿರುತ್ತಾರೆ. ಇದರಲ್ಲಿ ತೊಡಕು ಅಂದರೆ ಹಳೆ ಮಾಡೆಲ್‌ಗೆ ಜೆಟ್ ಸಿಗದೇ ಇರಬಹುದು. ಆಗ ಅಳತೆ ಗೊತ್ತಿರುವ ಒಳ್ಳೆ ಅಂಗಡಿಯವರು ಅದೇ ತಿರುಪಿನ ಸುತ್ತಿನ, ಸರಿಯಾದ ನಂಬರಿನ ಜೆಟ್ ಹೊಂದಿಸಿಕೊಡುತ್ತಾರೆ. ಡ್ರಿಲ್ ಮಾತ್ರ ಬೇಡ.

ಎರಡನೆಯ ದಾರಿ, ಓವನ್ ಸಂಪರ್ಕ ಮುಚ್ಚಿಸಿ ಮೇಲಿನ ಬರ್ನರ್ ಅಷ್ಟೇ ಸರಿ ಮಾಡಿಸುವುದು, ಕೇಕ್‌ಗೆ ಒಂದು ಒಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ತಗೊಳ್ಳುವುದು. ವರ್ಷಕ್ಕೆ ಎರಡು ಕೇಕ್ ಮಾಡುವ ಮನೆಗೆ ಇದು ಬುದ್ಧಿವಂತಿಕೆ. ಎಷ್ಟೋ ಮನೆಗಳಲ್ಲಿ ಗ್ಯಾಸ್ ಓವನ್ ಬಾಣಲೆ, ತವಾ ಇಡುವ ಬೀರು ಆಗಿರುತ್ತದೆ. ಅಂಥವರು ಅಪ್ಪಿತಪ್ಪಿ ಹಚ್ಚಿ ಒಳಗಿನ ಪ್ಲಾಸ್ಟಿಕ್ ಡಬ್ಬಿ ಕರಗಿಸಿದ್ದನ್ನೂ ನೋಡಿದ್ದೇನೆ. ಆದರೆ ಸಂಪರ್ಕ ಮುಚ್ಚುವುದು ಅಂದರೆ ಒಳಗೆ ಪೈಪಿಗೆ ಸರಿಯಾದ ಮುಚ್ಚಳ ಹಾಕಿ ಸೋರಿಕೆ ನೋಡುವುದು. ನಾಬ್ ಕಿತ್ತು ಡ್ರಾಯರ್‌ನಲ್ಲಿ ಇಟ್ಟರೆ ಆಗಲ್ಲ.

ಹೊಸದು ತಗೊಳ್ಳುವ ಮಾತು ಕೊನೆಗೆ. ಓವನ್ ಒಳಗಿನ ತಗಡು ತುಕ್ಕು ಹಿಡಿದು ತೂತಾಗಿದ್ದರೆ, ನಾಬ್ ಹಿಂದಿನ ಗ್ಯಾಸ್ ಪೈಪ್ ತುಕ್ಕು ಹಿಡಿದಿದ್ದರೆ, ಬಾಗಿಲಿನ ಗಾಜು ಬಿರುಕು ಬಿಟ್ಟಿದ್ದರೆ ಹಳೆಯದರ ಮೇಲೆ ದುಡ್ಡು ಹಾಕಬೇಡಿ. ಇಲ್ಲವಾದರೆ 11 ವರ್ಷ ಒಂದು ರೇಂಜ್‌ಗೆ ವಯಸ್ಸೇ ಅಲ್ಲ. ಬಾಗಿಲಿನ ರಬ್ಬರ್ ಒಂದು ನೋಡಿಕೊಳ್ಳಿ. ಓವನ್ ತಣ್ಣಗಿದ್ದಾಗ ಬಾಗಿಲಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಎಲ್ಲಾ ಕಡೆ ಸ್ವಲ್ಪ ಬಿಗಿ ಸಿಗಬೇಕು. ಸುಮ್ಮನೆ ಜಾರಿ ಬಂದರೆ ಅಲ್ಲಿಂದ ಕಾವು ಸೋರುತ್ತಿದೆ, ರಬ್ಬರ್ ಬದಲಿಸಿ.

ನಾಬ್ ಬಿಗಿಯಾಗಿದ್ದರೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎರಡು ದಿನ ಜಾರುತ್ತದೆ, ಆಮೇಲೆ ಕಾವಿಗೆ ಅಂಟಾಗಿ ಮೊದಲಿಗಿಂತ ಬಿಗಿಯುತ್ತದೆ. ನಾಬ್ ಹಿಂದಿನ ಗ್ಯಾಸ್ ಕಾಕ್‌ಗೆ (ವಾಲ್ವ್) ಕಾವು ತಡೆಯುವ ಬೇರೆ ಗ್ರೀಸ್ ಇದೆ, ಅದನ್ನು ಬಿಚ್ಚಿ ಹಚ್ಚಬೇಕು, ಮೆಕ್ಯಾನಿಕ್ ಕೆಲಸ ಅದು. ಹಾಲು ಉಕ್ಕಿದ ಮೇಲೆ ಸ್ಪಾರ್ಕ್ ಟಿಕ್ ಟಿಕ್ ಅಂತ ನಿಲ್ಲದೆ ಹೊಡೆಯುತ್ತಿದ್ದರೆ ಹೆದರಬೇಡಿ, ಒಳಗೆ ಒದ್ದೆ ಆಗಿದೆ ಅಷ್ಟೇ. ಪ್ಲಗ್ ತೆಗೆದು, ಒರೆಸಿ, ಒಣಗಲು ಬಿಡಿ.

ವಾಸನೆ ಬಂದರೆ ಏನು ಮಾಡಬೇಕು ಅನ್ನುವುದು ಸಿಲಿಂಡರ್ ಮನೆಯಿಂದ ಬಂದವರಿಗೆ ಅರ್ಧ ಗೊತ್ತಿರುತ್ತದೆ. ಸ್ವಿಚ್ ಮುಟ್ಟಬಾರದು, ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಒಲೆ ಹತ್ತಿರದ ವಾಲ್ವ್ ಮುಚ್ಚಬೇಕು, ಕಿಟಕಿ ಬಾಗಿಲು ತೆರೆಯಬೇಕು, ಹೊರಗೆ ಬಂದು ಫೋನ್ ಮಾಡಬೇಕು. ಬದಲಾಗುವುದು ಗ್ಯಾಸಿನ ನಡತೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಮೂಲೆಯಲ್ಲಿ ಕೂರುತ್ತದೆ. ಪೈಪ್ ಗ್ಯಾಸ್ ಹಗುರ, ಸೂರಿನ ಕಡೆ ಏರುತ್ತದೆ. ಆದ್ದರಿಂದ ಈಗ ನಿಮಗೆ ಮೇಲಿನ ವೆಂಟಿಲೇಟರ್ ತೆರೆದಿರುವುದು ಮುಖ್ಯ. ಅದಕ್ಕೆ ಕಾರ್ಡ್‌ಬೋರ್ಡ್ ಅಂಟಿಸಿದ್ದರೆ ಕಿತ್ತುಹಾಕಿ. 1906 ಸಿಲಿಂಡರ್ ಗ್ಯಾಸ್ ಸಹಾಯವಾಣಿ. ನಿಮ್ಮ ಪೈಪ್ ಗ್ಯಾಸ್ ಕಂಪನಿಯ ಎಮರ್ಜೆನ್ಸಿ ನಂಬರ್ ಬಿಲ್ ಮೇಲೆ ಇರುತ್ತದೆ, ಅದನ್ನು ಅತ್ತೆಯವರ ಫೋನಿನಲ್ಲೂ ಹಾಕಿಕೊಡಿ.

ಟೆಕ್ನಿಷಿಯನ್ ಕೆಲಸ ಮುಗಿಸಿದ ಮೇಲೆ ದುಡ್ಡು ಕೊಡುವ ಮುಂಚೆ ಅವರೆದುರಿಗೇ ಇಷ್ಟು ನೋಡಿಕೊಳ್ಳಿ. ನಾಲ್ಕೂ ಬರ್ನರ್ ಹಚ್ಚಿ, ನೀಲಿ ಉರಿ ತೂತಿಗೆ ಅಂಟಿಕೊಂಡು ನಿಂತಿರಬೇಕು. ಒಂದೊಂದನ್ನೂ ಸರ್ರನೆ ಸಿಮ್‌ಗೆ ತನ್ನಿ. ಓವನ್ ಹಚ್ಚಿ 20 ಸೆಕೆಂಡಿಗೆ ನಾಬ್ ಬಿಡಿ. ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟು, 15 ನಿಮಿಷ ಕಾಯಿಸಿ, ನಾಬ್‌ನಲ್ಲಿ ಹೇಳಿದ ಡಿಗ್ರಿಗೆ ಹತ್ತಿರ ಬಂತಾ ನೋಡಿ. 15–20 ಡಿಗ್ರಿ ಆಚೀಚೆ ಇದ್ದರೆ ಗ್ಯಾಸ್ ಓವನ್‌ನಲ್ಲಿ ಅದು ಮಾಮೂಲು. ಆಮೇಲೆ ಆಫ್ ಮಾಡಿ ‘ಟಕ್’ ಕೇಳಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಏಳಬಾರದು. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ಅಂಥವರನ್ನು ಅಡುಗೆಮನೆಗೇ ಬಿಟ್ಟುಕೊಳ್ಳಬೇಡಿ.

ಓವನ್‌ನಿಂದ ಬಿಚ್ಚಿದ ಹಳೆ ಜೆಟ್ ಕೇಳಿ ಇಸ್ಕೊಳ್ಳಿ. ಅದು ಡ್ರಿಲ್ ಆಗಿರಲಿಕ್ಕಿಲ್ಲ, ಇನ್ನೂ ಚೆನ್ನಾಗಿರುತ್ತದೆ. ಒಂದು ಸಣ್ಣ ಕವರಿನಲ್ಲಿ ಹಾಕಿ, ‘ಓವನ್, ಸಿಲಿಂಡರ್ ಗ್ಯಾಸ್’ ಅಂತ ಬರೆದು ವಾರಂಟಿ ಕಾರ್ಡ್ ಜೊತೆ ಇಡಿ. ನಾಳೆ ಸಿಲಿಂಡರ್ ಇರುವ ಮನೆಗೆ ಹೋದರೆ ಇದೇ ಕೆಲಸ ಉಲ್ಟಾ ಮಾಡಿಸಬೇಕಾಗುತ್ತದೆ. ಪೈಪ್ ಗ್ಯಾಸ್ ಜೆಟ್ ಇಟ್ಟುಕೊಂಡೇ ಸಿಲಿಂಡರ್ ಜೋಡಿಸಿದರೆ ಉರಿ ಎರಡು ಪಟ್ಟು ಏಳುತ್ತದೆ.